ಭಾವನ ಜೇಬಿನ ಸೆಲ್ಲು

ನಮ್ಮ ಭಾವನಿಗೆ ನಿಮ್ಮ ಮನೆಯ ವಿಳಾಸ ಕೊಡುವ ಮುಂಚೆ ಒಂದು ಸಲ ಯೋಚಿಸಿ. ಮನುಷ್ಯ ಸಜ್ಜನ. ಬ್ಯಾಂಕಿನಲ್ಲಿ ಆಫೀಸರು, ಸಿಗರೇಟಿಲ್ಲ, ಇಸ್ಪೀಟಿಲ್ಲ, ಇನ್ನೊಬ್ಬರ ವಿಷಯಕ್ಕೆ ಹೋದವರೇ ಅಲ್ಲ. ಆದರೆ ಇನ್ನೊಬ್ಬರ ಸ್ಪೀಕರಿನ ವಿಷಯಕ್ಕೆ ಹೋಗದೆ ಇರಲಾರರು! ನೀವು ಬಾಗಿಲು ತೆಗೆದು "ಬನ್ನಿ ಬನ್ನಿ" ಅನ್ನುವಷ್ಟರಲ್ಲಿ ಅವರ ಕಣ್ಣು ನಿಮ್ಮ ಹೆಗಲ ಮೇಲಿಂದ ಹಾಯ್ದು ಟಿ.ವಿ. ಸ್ಟ್ಯಾಂಡಿನ ಕಡೆ ನೆಟ್ಟಿರುತ್ತದೆ. ನೀವು ಕಾಫಿಗೆ ಹಾಲಿಟ್ಟು ಬರುವಷ್ಟರಲ್ಲಿ ಅವರು ಸ್ಪೀಕರಿನ ಹಿಂದೆ ಮಂಡಿಯೂರಿ, ಅಂಗಿಯ ಜೇಬಿನಿಂದ ಒಂದು ಪೆನ್ಸಿಲ್ ಸೆಲ್ ತೆಗೆದು ಹಿಡಿದಿರುತ್ತಾರೆ. ಆಮೇಲೆ ನಿಮ್ಮ ಮನೆ ನಿಮ್ಮದಲ್ಲ.

ಸೆಲ್ಲು ಯಾಕೆ ಅಂತ ಕೇಳುತ್ತೀರಾ? ನಾನೂ ಕೇಳಿದ್ದೆ, ಅದೇ ನನ್ನ ತಪ್ಪು. ಒಂದು ಗಂಟೆಯ ಪಾಠವನ್ನು ನಿಮಗೆ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಸ್ಪೀಕರಿಗೆ ಎರಡು ತಂತಿ, ಒಂದು ಕೆಂಪು, ಒಂದು ಕಪ್ಪು. ಒಳಗಿರುವ ಕಾಗದದ ತಟ್ಟೆ ಮುಂದಕ್ಕೆ ಬಂದು ಹಿಂದಕ್ಕೆ ಹೋಗಿ ಗಾಳಿಯನ್ನು ಅಲುಗಿಸುತ್ತದೆ, ಅದೇ ಶಬ್ದ. ಎರಡು ಸ್ಪೀಕರಿದ್ದರೆ ಎರಡೂ ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಹೋಗಬೇಕು. ಒಂದರ ಕೆಂಪು ಕಪ್ಪು ಅದಲುಬದಲಾಯಿತೋ, ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಭಾವನ ಬಾಯಲ್ಲಿ ಇದಕ್ಕೆ 'ಫೇಸ್ ತಪ್ಪೋದು' ಅಂತ ಹೆಸರು. ಸೆಲ್ಲನ್ನು ತಂತಿಗೆ ಹೀಗೆ ಮುಟ್ಟಿಸಿದರೆ ತಟ್ಟೆ 'ಟಪ್' ಅಂತ ಮುಂದೆ ಜಿಗಿಯುತ್ತದೋ, ಹಿಂದೆ ಜಿಗಿಯುತ್ತದೋ ಕಣ್ಣಿಗೇ ಕಾಣುತ್ತದೆ. ದೇಶದ ಅರ್ಧ ಮನೆಗಳಲ್ಲಿ ಫೇಸ್ ತಪ್ಪಿದೆ ಎನ್ನುವುದು ಭಾವನ ಚಿಂತೆ. ಉಳಿದರ್ಧ ಮನೆಗಳನ್ನು ಅವರಿನ್ನೂ ನೋಡಿಲ್ಲ.

ನಾನು ಪೂರ್ತಿಯಾಗಿ ಅವರ ಕೈಗೆ ಸಿಕ್ಕಿದ್ದು ವಿಶಾಖಪಟ್ಟಣದಲ್ಲಿ. ಅಲ್ಲಿಯವರೆಗೆ ಓದಿನ ಹಾಸ್ಟೆಲುಗಳು ನನ್ನನ್ನು ಕಾಪಾಡಿದ್ದವು. ಅಚ್ಯುತಾಪುರಂನ ಔಷಧಿ ಕಾರ್ಖಾನೆಯೊಂದರಲ್ಲಿ ನನಗೆ ಕೆಮಿಸ್ಟ್ ಕೆಲಸ ಸಿಕ್ಕಿತು. ಭಾವನಿಗೆ ಆಗಲೇ ಬಂದರಿನ ಹತ್ತಿರದ ಬ್ರಾಂಚಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. "ಲಾಡ್ಜು ಗೀಡ್ಜು ಅಂದ್ರೆ ಕಾಲು ಮುರೀತೀನಿ, ಸೀದಾ ಮನೆಗೆ ಬಾ" ಅಂತ ಅಕ್ಕ ಫೋನಿನಲ್ಲಿ ಗದರಿದಳು. ಅಕ್ಕನಿಗೆ ನನ್ನನ್ನು ಗದರುವ ಹಕ್ಕಿದೆ. ನನಗಿಂತ ಹದಿನೆಂಟು ವರ್ಷ ದೊಡ್ಡವಳು. ನಮ್ಮಮ್ಮ ಹೋದಾಗ ನನಗೆ ಮೂರೂವರೆ ವರ್ಷ. ತಿಪಟೂರಿನಿಂದ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ತನ್ನ ಸಂಸಾರದಲ್ಲೇ ಬೆಳೆಸಿದವಳು ಅವಳು. ಹೊಸದಾಗಿ ಮದುವೆಯಾದ ಹುಡುಗ ಹೆಂಡತಿಯ ಜತೆಗೆ ಒಂದು ಅಳುಮುಂಜಿ ಮಗುವನ್ನೂ ಒಳಗೆ ಕರೆದುಕೊಂಡನಲ್ಲ, ಆ ಹುಡುಗನೇ ಈ ಭಾವ. ಇದನ್ನು ನಡುನಡುವೆ ನೆನಪಿಸಿಕೊಳ್ಳುತ್ತಿರುತ್ತೇನೆ. ಇಲ್ಲದಿದ್ದರೆ ಅವರ ಜತೆ ಇರುವುದು ಸುಲಭವಲ್ಲ!

ಹೋದ ದಿನವೇ ಹಾಲಿನಲ್ಲಿ ಎರಡು ದೊಡ್ಡ ಸ್ಪೀಕರು ಕಂಡವು. ಅವುಗಳ ಎದುರಿಗೆ ಒಂದು ಬೆತ್ತದ ಕುರ್ಚಿ. ಕುರ್ಚಿಯ ನಾಲ್ಕು ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತು. ಅಕ್ಕ ಮನೆ ಗುಡಿಸುವಾಗ ಆ ಕುರ್ಚಿಯನ್ನು ಮಾತ್ರ ಸುತ್ತಿ ಬಳಸಿ ಹೋಗುತ್ತಿದ್ದಳು. ಗೋಡೆಯ ಗಡಿಯಾರ ಹತ್ತೂ ಇಪ್ಪತ್ತಕ್ಕೆ ನಿಂತಿತ್ತು. ಅದರ ಸೆಲ್ಲು ಎಲ್ಲಿತ್ತು ಅಂತ ಬೇರೆ ಹೇಳಬೇಕೆ?

"ಕೂತ್ಕೋ ಪುಟ್ಟ" ಅಂದರು ಭಾವ. "ತಲೆ ಒಂದಿಂಚು ಆ ಕಡೆ. ಹಾಂ, ಸಾಕು." ಯಾವುದೋ ಹೆಂಗಸಿನ ಹಾಡು ಹಾಕಿದರು. "ಈಗ ಹೇಳು, ನಡುವೆ ಯಾರಿದಾರೆ?"

ಎರಡು ಸ್ಪೀಕರುಗಳ ನಡುವೆ ನೋಡಿದೆ. "ಟಿ.ವಿ. ಇದೆ ಭಾವ."

"ಅಯ್ಯೋ, ಕಣ್ಣು ಮುಚ್ಚಿ ನೋಡೋ!"

ಕಣ್ಣು ಮುಚ್ಚಿದೆ. ಇಡೀ ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬಂದವನು ಕಣ್ಣು ಮುಚ್ಚಿದರೆ ಏನಾಗುತ್ತದೆ? ಎಚ್ಚರವಾದಾಗ ಅಕ್ಕ ಊಟಕ್ಕೆ ಕರೆಯುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಭಾವ ಮಾತ್ರ ಖುಷಿಯಾಗಿ, "ನೋಡ್ದ್ಯೇನೇ? ಫೇಸ್ ಸರಿಯಿದ್ರೆ ಮನಸ್ಸಿಗೆ ಎಷ್ಟು ನೆಮ್ಮದಿ ಅಂತ!" ಎಂದು ಅಕ್ಕನಿಗೆ ಹೇಳುತ್ತಿದ್ದರು.

ಬಂದರಿನಿಂದ ಆಗಾಗ ಹಡಗಿನ ಕೂಗು ಕೇಳುತ್ತಿತ್ತು. ಭಾವ ತಲೆ ಎತ್ತಿ ಆಲಿಸಿ, "ಒಂದೇ ಹಾರ್ನು. ಅದಕ್ಕೇ ತಕರಾರಿಲ್ಲ" ಅನ್ನುತ್ತಿದ್ದರು.

ಆ ಮನೆಯಲ್ಲಿ ಭಾವ ಮುಟ್ಟಬಾರದ ವಸ್ತು ಒಂದೇ ಒಂದಿತ್ತು. ಅಕ್ಕನ ಬೀರುವಿನಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿ, ಒಂದು ಹಳೆಯ ಕ್ಯಾಸೆಟ್ಟು. ಅದರ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಭಾವ ಹೊಸ ಅಳಿಯನಾಗಿ ಮೊದಲ ದೀಪಾವಳಿಗೆ ನಮ್ಮ ಮನೆಗೆ ಬಂದಾಗ, ದುಬೈಯಿಂದ ಬಂದಿದ್ದ ಗೆಳೆಯನೊಬ್ಬನ ಟೇಪ್ ರೆಕಾರ್ಡರನ್ನು ನಾಲ್ಕು ದಿನಕ್ಕೆ ಕೇಳಿ ತಂದಿದ್ದರಂತೆ. ಜತೆಗೆ ಎರಡು ಮೈಕು. ಅಮ್ಮ ಆರತಿ ಹಾಡು ಚೆನ್ನಾಗಿ ಹಾಡುತ್ತಿದ್ದಳಂತೆ. "ಅಂತೆ" ಎಂದೇ ಹೇಳಬೇಕು, ನನಗೇನೂ ನೆನಪಿಲ್ಲ. ಅಮ್ಮನನ್ನು ಎರಡು ಮೈಕಿನ ನಡುವೆ ಕೂರಿಸಿ ಹಾಡಿಸಿ ರೆಕಾರ್ಡ್ ಮಾಡಿದರು. ಹಾಕಿ ಕೇಳುವ ಮುಂಚೆಯೇ ಟೇಪ್ ರೆಕಾರ್ಡರು ಗೆಳೆಯನಿಗೆ ವಾಪಸು ಹೋಯಿತು, ಕ್ಯಾಸೆಟ್ಟು ಮನೆಯಲ್ಲಿ ಉಳಿಯಿತು. ಮುಂದಿನ ಯುಗಾದಿಗೆ ಅಮ್ಮ ಇರಲಿಲ್ಲ. ತಿಂಗಳ ಮೇಲೆ ಎಲ್ಲರೂ ಅಪ್ಪನ ಹಳೆಯ ಸೆಟ್ಟಿನ ಸುತ್ತ ಕೂತು ಕ್ಯಾಸೆಟ್ಟು ಹಾಕಿದರೆ ಕೇಳಿದ್ದೇನು? "ಸರಿಹೋಯ್ತು ಅತ್ತೆ, ಶುರು ಮಾಡಿ" ಅಂತ ಭಾವನ ಗಟ್ಟಿದನಿ ಸ್ಪಷ್ಟವಾಗಿ ಬಂತು. ಆಮೇಲೆ ಬಾವಿಯ ತಳದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ 'ಸ್ಸ್, ಸ್ಸ್' ಅಷ್ಟೇ. ಅಮ್ಮನ ದನಿಯೇ ಇಲ್ಲ!

"ಅಳಿಯಂದ್ರು ತಮ್ಮ ದನಿ ಮಾತ್ರ ಚೆನ್ನಾಗಿ ಹಿಡ್ಕೊಂಡಿದಾರೆ" ಅಂತ ದೊಡ್ಡಮ್ಮ ಅಂದರಂತೆ. ತಮಾಷೆಗೆ ಅಂದಿದ್ದಿರಬಹುದು. ಭಾವ ಮಾತ್ರ ಅದನ್ನು ಮರೆಯಲಿಲ್ಲ. ಕ್ಯಾಸೆಟ್ಟು ಬಿಚ್ಚಿ ರಿಪೇರಿ ಮಾಡುತ್ತೇನೆಂದು ಸ್ಕ್ರೂಡ್ರೈವರ್ ಹಿಡಿದು ಬಂದ ಅವರಿಗೆ ಅಕ್ಕ ಅಡ್ಡ ನಿಂತಳು. "ಅಮ್ಮಂದು ಅಂತ ಇಷ್ಟೇ ಉಳಿದಿರೋದು. ಇದಕ್ಕೆ ಕೈ ಹಚ್ಚಿದ್ರೆ ನಾನು ಸುಮ್ನಿರಲ್ಲ" ಅಂದು ಬೀರುವಿಗೆ ಬೀಗ ಹಾಕಿದಳು. ಭಾವ ಬಿಚ್ಚಿದ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಗತಿ ಗೊತ್ತಿದ್ದವರು ಯಾರೂ ಅವಳನ್ನು ತಪ್ಪೆನ್ನಲಾರರು. ಟೇಪಿಗೆ ಬೂಷ್ಟು ಹಿಡಿದಿದೆ ಎಂದು ಎಲ್ಲರೂ ತೀರ್ಮಾನಿಸಿದರು. ನಾನು ದೊಡ್ಡವನಾದ ಮೇಲೂ ಒಂದೆರಡು ಸಲ ಆ ಬೀರುವಿನ ಮುಂದೆ ನಿಂತಿದ್ದೇನೆ. ಅಮ್ಮನ ಫೋಟೋ ಇದೆ, ಸೀರೆ ಇದೆ. ದನಿ ಹೇಗಿತ್ತು ಎಂದು ಯಾರನ್ನು ಕೇಳಿದರೂ "ಚೆನ್ನಾಗಿತ್ತು" ಅನ್ನುತ್ತಾರೆಯೇ ಹೊರತು ಅದನ್ನು ಕೇಳಿಸುವುದು ಯಾರಿಗೆ ಸಾಧ್ಯ?

ಇರಲಿ. ಭಾವನ ಪ್ರತಾಪಕ್ಕೆ ಬರೋಣ.

ಪಕ್ಕದ ಫ್ಲಾಟಿನಲ್ಲಿ ಬಂದರಿನ ಕೆಲಸದಿಂದ ನಿವೃತ್ತರಾದ ರಾವ್ ಅವರಿದ್ದರು. ಸಂಕ್ರಾಂತಿಗೆ ಅವರ ಮನೆಗೆ ಹೊಸ ಹೋಮ್ ಥಿಯೇಟರ್ ಬಂತು. ನಮ್ಮನ್ನೆಲ್ಲ ಅರಿಸೆಲು ತಿನ್ನಲು ಕರೆದರು. ಅರಿಸೆಲು ಅಂದರೆ ನಮ್ಮ ಕಜ್ಜಾಯವೇ. ನಾನು ಎರಡನೆಯದನ್ನು ಬಾಯಿಗಿಡುವಷ್ಟರಲ್ಲಿ ಭಾವ ಸ್ಪೀಕರಿನ ಹಿಂದಿದ್ದರು. 'ಟಪ್.' ಇನ್ನೊಂದಕ್ಕೆ 'ಟಪ್.' ಮೇಲೆದ್ದಾಗ ಅವರ ಮುಖ, ಕೆಟ್ಟ ಸುದ್ದಿ ಹೇಳಲು ಹೊರಗೆ ಬಂದ ಡಾಕ್ಟರ ಮುಖವಾಗಿತ್ತು. "ರಾವ್‌ಗಾರೂ, ಎಡಗಡೆದು ಉಲ್ಟಾ" ಅಂತ ತಮ್ಮ ಅರೆತೆಲುಗಿನಲ್ಲಿ ತಿಳಿಸಿ, ತಂತಿ ಬದಲಿಸಿ, ಮತ್ತೆ ಹಾಡು ಹಾಕಿ, "ಇಪ್ಪುಡು ಚೂಡಂಡಿ!" ಅಂದರು, ಈಗ ನೋಡಿ ಅಂತ.

ರಾವ್ ಅವರು ಮರ್ಯಾದಸ್ಥರು. ಬಹಳ ಹೊತ್ತು ಆಲಿಸಿ, "ತೇಡಾ ಏಮೀ ತೆಲಿಯಟ್ಲೇದಂಡಿ" ಅಂದರು. ವ್ಯತ್ಯಾಸವೇನೂ ತಿಳಿಯುತ್ತಿಲ್ಲವಲ್ಲ ಅಂತ.

ವ್ಯತ್ಯಾಸ ತಿಳಿದದ್ದು ಕೆಳಗಿನ ಮನೆಯವರಿಗೆ! ಇಷ್ಟು ದಿನ ಒಂದನ್ನೊಂದು ತಿಂದುಕೊಳ್ಳುತ್ತಿದ್ದ ದಪ್ಪ ಸ್ವರಗಳೆಲ್ಲ ಈಗ ಒಟ್ಟಾಗಿ ನೆಲವನ್ನು ಗುದ್ದತೊಡಗಿದ್ದವು. ಮೂರನೇ ದಿನ ಕೆಳಗಿನವರು ಮೇಲೆ ಬಂದು, ತಮ್ಮ ಶೋಕೇಸಿನ ಗಾಜಿನ ಲೋಟಗಳು ಗಲಗಲ ಅನ್ನುತ್ತಿವೆ ಎಂದು ದೂರಿದರು. ರಾವ್ ಅವರ ವಯಸ್ಸಾದ ತಾಯಿ ನಮ್ಮ ಬಾಗಿಲಿಗೆ ಬಂದು, "ಬಾಬೂ, ನೀವು ಒಂದು ಸಲ ಬಂದು ಅದನ್ನು ಮುಂಚಿನ ಹಾಗೆ ಕೆಡಿಸಿ ಕೊಡಬೇಕಂತೆ" ಎಂದು ತೆಲುಗಿನಲ್ಲಿ ಬಹಳ ವಿನಯದಿಂದ ಕೇಳಿದರು. ಭಾವ ಹೋಗಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಫೇಸ್ ತಪ್ಪಿಸಲು ಅವರಿಗೆ ಕೈ ಬರಲಿಲ್ಲ. ಕೊನೆಗೆ ನಾನೇ ಹೋಗಿ ತಪ್ಪಿಸಿ ಬಂದೆ. ಭಾವನಿಗೆ ಈ ವಿಷಯ ಈ ಪ್ರಬಂಧ ಓದಿದ ಮೇಲೆಯೇ ತಿಳಿಯಬೇಕು.

ಆಮೇಲೆ ರಾಜ್ಯೋತ್ಸವ ಬಂತು. ವೈಜಾಗಿನಲ್ಲಿರುವ ಕನ್ನಡದವರೆಲ್ಲ, ಬ್ಯಾಂಕಿನವರು, ಆಸ್ಪತ್ರೆಯವರು, ಋಷಿಕೊಂಡದ ಕಂಪ್ಯೂಟರ್ ಹುಡುಗರು, ಒಂದು ಹಾಲ್ ಹಿಡಿದು ವರ್ಷಕ್ಕೊಮ್ಮೆ ಬಿಸಿಬೇಳೆಬಾತ್ ತಿನ್ನುತ್ತೇವೆ. ಅದಕ್ಕೆ ಮುಂಚೆ ಭಾಷಣ ಇರುತ್ತದೆ. ಆ ವರ್ಷದ ಮುಖ್ಯ ಅತಿಥಿ ಭಾವನ ಬ್ಯಾಂಕಿನ ದೊಡ್ಡ ಸಾಹೇಬರು, ಭಾವನ ಮೇಲಿನವರ ಮೇಲಿನವರು. ವೇದಿಕೆಯ ಎರಡು ಬದಿಗೂ ಎರಡು ಆಳೆತ್ತರದ ಸ್ಪೀಕರು. ಸಾಹೇಬರು ಮಾತು ಶುರುಮಾಡಿದರು. ನಡುವಿನ ಸಾಲಿನಲ್ಲಿದ್ದ ನಮಗೆ ಅವರು ಟೊಳ್ಳು ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ಪಕ್ಕಕ್ಕೆ ತಿರುಗಿದೆ. ಭಾವನ ಕುರ್ಚಿ ಖಾಲಿ! ಅಕ್ಕ ಹಣೆಗೆ ಕೈ ಹಚ್ಚಿಕೊಂಡು, "ಹೋದ್ರಾ?" ಅಂದಳು.

ಪರದೆಯ ಕೆಳಗೆ ಎರಡು ಪರಿಚಿತ ಪಾದಗಳು ಚಲಿಸುತ್ತಿದ್ದವು. ಸಾಹೇಬರು "ನಾಡು ನುಡಿಯ ವಿಷಯದಲ್ಲಿ ನಾವು" ಅನ್ನುವಷ್ಟರಲ್ಲಿ 'ಟುಸ್' ಅಂತ ಆಯಿತು, ದನಿ ನಿಂತುಹೋಯಿತು. ಸಾಹೇಬರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ತುಟಿಯೂ ನಿಂತಿತು. ಹಾಲಿನಲ್ಲಿ ಯಾರೋ ನಕ್ಕರು. ಐದಾರು ನಿಮಿಷವಾದ ಮೇಲೆ ಮತ್ತೆ ಕರೆಂಟು ಬಂದ ಹಾಗೆ ದನಿ ಬಂತು. ಎಂಥ ದನಿ! ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಹಾಗೆ ಸ್ಪಷ್ಟವಾಗಿ ಕೇಳಿದ ಮೊದಲನೇ ಮಾತು ಸಾಹೇಬರ "ಯಾರ್ರೀ ಅದು ಹಿಂದೆ?" ಎನ್ನುವುದು.

ಪರದೆ ಸರಿಸಿ ಭಾವನ ತಲೆ ಹೊರಗೆ ಬಂತು. "ಈಗ ಎಷ್ಟು ಚೆನ್ನಾಗಿ ಕೇಳ್ತಿದೆ ನೋಡಿ ಸಾರ್!"

ಎರಡು ತಿಂಗಳಿಗೆ ಭಾವನಿಗೆ ವಿಜಯವಾಡಕ್ಕೆ ವರ್ಗವಾಯಿತು. ಅದು ಮಾಮೂಲಿ ವರ್ಗ, ಮೂರು ವರ್ಷವಾದರೆ ಯಾರನ್ನೂ ಬಿಡುವುದಿಲ್ಲ ಎಂದು ಭಾವ ಹೇಳುತ್ತಾರೆ. ಅಕ್ಕ ಭಾವನ ಮುಖ ನೋಡುತ್ತಾಳೆ.

ವಿಜಯವಾಡಕ್ಕೆ ವೈಜಾಗಿನಿಂದ ರೈಲಿನಲ್ಲಿ ಆರು ಗಂಟೆ. ನಾನು ಕಾರ್ಖಾನೆಯ ಹತ್ತಿರ ರೂಮು ಮಾಡಿಕೊಂಡು ತಿಂಗಳಿಗೊಂದು ಸಲ ಅಕ್ಕನ ಮನೆಗೆ ಹೋಗುತ್ತಿದ್ದೆ. ಆ ಊರಿನ ಬಿಸಿಲಿನ ಬಗ್ಗೆ ನಾನು ಹೇಳುವುದಿಲ್ಲ, ಅನುಭವಿಸಿದವರಿಗೆ ಗೊತ್ತು. ಜನ ಮಧ್ಯಾಹ್ನ ಕಿಟಕಿ ಮುಚ್ಚಿ, ಕೂಲರ್ ಹಾಕಿ ಮಲಗುತ್ತಾರೆ. ಭಾವ ಕೂಲರ್ ಆರಿಸಿ, ಅದರ ಸದ್ದಿನಲ್ಲಿ ಏನೂ ಕೇಳುವುದಿಲ್ಲವೆಂದು ಬೆವರು ಸುರಿಸುತ್ತ ಸ್ಪೀಕರಿನ ಮುಂದೆ ಕೂರುತ್ತಿದ್ದರು. ಬಿಸಿಲಿನ ಮಹಿಮೆಯೋ ಏನೋ, ಅಲ್ಲಿ ಅವರ ವಿದ್ಯೆ ಇನ್ನೊಂದು ಮೆಟ್ಟಿಲು ಏರಿತು. ಒಂದು ಸ್ಪೀಕರು ಉಲ್ಟಾ ಆದರೆ ಕೇಳಿಸುತ್ತದೆ, ಸರಿ. ಎರಡನ್ನೂ ಒಟ್ಟಿಗೆ ಉಲ್ಟಾ ಮಾಡಿದರೂ ತನಗೆ ಕೇಳಿಸುತ್ತದೆ ಅಂತ ಶುರುಮಾಡಿದರು!

"ಮೃದಂಗಕ್ಕೆ ಪೆಟ್ಟು ಬಿದ್ದಾಗ ಗಾಳಿ ಮೊದಲು ನಮ್ಮ ಕಡೆ ಬರ್ಬೇಕು. ಎರಡೂ ಸ್ಪೀಕರು ಒಟ್ಟಿಗೆ ಹಿಂದೆ ಹೋದ್ರೆ ಮೊದಲು ಆ ಕಡೆ ಹೋಗುತ್ತೆ. ಅದು ಮೃದಂಗ ಅನ್ಸೋದೇ ಇಲ್ಲ ಕಣೋ, ಯಾರೋ ಮೃದಂಗದ ಒಳಗೆ ಕೂತು ಬಡಿದ ಹಾಗಿರುತ್ತೆ."

ಇದನ್ನು ಕೇಳಿ ಸುಮ್ಮನಿರಲಾರದವಳು ಅವರ ಮಗಳು ಸೌಮ್ಯ. ಇಂಟರ್ ಓದುತ್ತಿದ್ದಳು, ನಮ್ಮ ಕಡೆ ಪಿ.ಯು.ಸಿ. ಅನ್ನುತ್ತೇವಲ್ಲ ಅದು. ಕನ್ನಡ ಮಾತಾಡುತ್ತಾಳೆ, ಆದರೆ ಆಂಧ್ರದ ಸ್ಕೂಲಿಗೆ ಸೇರಿದ ಮೇಲೆ ಸಿಟ್ಟು ಬಂದರೆ, ಲೆಕ್ಕ ಮಾಡಿದರೆ, ಕನಸು ಕಂಡರೆ ತೆಲುಗು. ಅಪ್ಪನನ್ನು 'ನಾನ್ನಾ' ಅಂತಲೇ ಕರೆಯುವುದು. "ನಾನ್ನಾ, ಹಾಗಾದ್ರೆ ಪರೀಕ್ಷೆ ಮಾಡೋಣ" ಅಂದಳು. ಭಾವನ ಕಣ್ಣಿಗೆ ಟವೆಲ್ ಕಟ್ಟಿದಳು. ತಾನು ಸ್ಪೀಕರಿನ ಹಿಂದೆ ಕೂತು ಒಂದೊಂದು ಸಲವೂ ನಾಣ್ಯ ಚಿಮ್ಮಿ, ಅದು ಬಿದ್ದ ಹಾಗೆ ಎರಡೂ ಸ್ಪೀಕರಿನ ತಂತಿಗಳನ್ನು ಬದಲಿಸುವುದು ಅಥವಾ ಬಿಡುವುದು. ಸರಿಯೋ ಉಲ್ಟಾವೋ ಭಾವ ಹೇಳಬೇಕು. ಬರೆದುಕೊಳ್ಳುವ ಕೆಲಸ ನನ್ನದು.

ಭಾವನ ಧೈರ್ಯ ನೋಡಬೇಕಿತ್ತು! ಒಂದೊಂದು ಸಲವೂ ಒಂದು ಕ್ಷಣ ತಡವಿಲ್ಲ. "ಉಲ್ಟಾ." "ಸರಿ." "ಥೂ, ಪೂರ್ತಿ ಉಲ್ಟಾ, ಕಿವಿ ನೋಯ್ತಿದೆ." ಇಪ್ಪತ್ತು ಸಲವಾಯಿತು. ಸೌಮ್ಯಳ ಚೀಟಿಯನ್ನೂ ನನ್ನ ಚೀಟಿಯನ್ನೂ ಹೋಲಿಸಿದರೆ ಸರಿಯುತ್ತರ ಹನ್ನೊಂದು.

"ಅರ್ಧಕ್ಕಿಂತ ಜಾಸ್ತಿ" ಅಂದರು ಭಾವ, ಟವೆಲ್ ಬಿಚ್ಚುತ್ತ.

"ಹಾಡೇ ಹಾಕ್ದೆ ಊಹೆ ಮಾಡಿದ್ರೂ ಹತ್ತು ಬರುತ್ತೆ ನಾನ್ನಾ."

ಊಟವಾದ ಮೇಲೆ ಇನ್ನೊಂದು ಇಪ್ಪತ್ತು. ಈ ಸಲ ಒಂಬತ್ತು. ಒಟ್ಟು ನಲವತ್ತಕ್ಕೆ ಇಪ್ಪತ್ತು. ಇಷ್ಟು ಕರಾರುವಾಕ್ಕಾಗಿ ಅರ್ಧ ತೆಗೆಯುವುದು ನಾಣ್ಯಕ್ಕೂ ಕಷ್ಟ! ಮಜ್ಜಿಗೆ ತಂದ ಅಕ್ಕ ಲೆಕ್ಕ ನೋಡಿ, "ಶೇಕಡ ಐವತ್ತು. ಸೆಕೆಂಡ್ ಕ್ಲಾಸಲ್ಲಿ ಪಾಸು ಬಿಡಿ" ಅಂದಳು. ನಾವೆಲ್ಲ ನಕ್ಕೆವು. ಭಾವ ನಗಲಿಲ್ಲ. ಎದ್ದು ಹೋಗಿ, ಜೇಬಿನಿಂದ ಸೆಲ್ಲು ತೆಗೆದು, ಗೋಡೆಯ ಗಡಿಯಾರಕ್ಕೆ ಹಾಕಿ ಬಂದು ಪೇಪರು ಹಿಡಿದು ಕೂತರು.

ಮುಂದಿನ ತಿಂಗಳು ನಾನು ಹೋದಾಗ ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ನೆಲದ ಮೇಲಿನ ಸೀಮೆಸುಣ್ಣ ಒರೆಸಿಹೋಗಿತ್ತು. ಬೆತ್ತದ ಕುರ್ಚಿ ಬಾಲ್ಕನಿಯಲ್ಲಿತ್ತು, ಅದರ ಮೇಲೆ ಸಂಡಿಗೆ ಒಣಗುತ್ತಿತ್ತು. ಭಾವ ಮೃದುವಾಗಿ "ಬಾ ಪುಟ್ಟ, ರೈಲು ಸರಿಯಾದ ಟೈಮಿಗೆ ಬಂತಾ?" ಎಂದು ಕೇಳಿದರು. ಜೀವನದಲ್ಲಿ ಮೊದಲ ಸಲ ಅವರು ನನ್ನನ್ನು ಬೇರೆ ಮನುಷ್ಯರು ಕೇಳುವಂಥ ಪ್ರಶ್ನೆ ಕೇಳಿದ್ದರು. ನನಗೆ ಗಾಬರಿಯಾಯಿತು.

"ನಾಲ್ಕು ವಾರ ಆಯ್ತು ಕಣೋ" ಅಂದಳು ಅಕ್ಕ, ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ. "ಹಾಡಿಲ್ಲ, ತಂತಿಯಿಲ್ಲ, ಜಗಳವಿಲ್ಲ. ಬ್ಯಾಂಕಿಂದ ಬಂದು ಊಟ ಮಾಡಿ ಮಲಗ್ತಾರೆ. 'ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಭ್ರಮೆಯೇನೇ' ಅಂತ ಒಂದಿನ ಕೇಳಿದ್ರು. ಎಲ್ಲರ ಮುಂದೆ ಹಂಗೆ ನಕ್ಕಿದ್ದು ತಪ್ಪಾಯ್ತು."

ಇಪ್ಪತ್ತೈದು ವರ್ಷ ಅವರ ಹುಚ್ಚನ್ನು ಬೈದುಕೊಂಡೇ ಬಂದವಳು, ಹುಚ್ಚು ಬಿಟ್ಟ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದಳು. ತಪ್ಪು ಅವಳೊಬ್ಬಳದೇ ಅಲ್ಲ. ಚೀಟಿ ಬರೆದವನು ನಾನೇ ತಾನೆ?

ಸೌಮ್ಯಳಿಗೂ ಒಳಗೊಳಗೇ ಚುಚ್ಚುತ್ತಿದ್ದಿರಬೇಕು. ಮಾರನೆಯ ದಿನ ಭಾನುವಾರ ಬೆಳಿಗ್ಗೆ ಅವಳು ಸ್ಪೀಕರುಗಳನ್ನು ಎಳೆದು ಎದುರುಬದುರಾಗಿ, ಮುಖಕ್ಕೆ ಮುಖ ತಾಗುವ ಹಾಗೆ ಇಟ್ಟಳು. "ನಾನ್ನಾ, ಇಲ್ಲಿ ಬಾ. ನೀನು ಎರಡೂ ಒಟ್ಟಿಗೆ ಉಲ್ಟಾ ಆದ್ರೆ ಕೇಳ್ಸುತ್ತೆ ಅಂದೆ, ಅದಕ್ಕೇ ಸೋತೆ. ಅದು ಯಾರಿಗೂ ಕೇಳ್ಸಲ್ಲ. ಒಂದೇ ಉಲ್ಟಾ ಆದ್ರೆ ಎಲ್ಲಾರಿಗೂ ಕೇಳ್ಸುತ್ತೆ. ಅಮ್ಮಂಗೂ ಕೇಳ್ಸುತ್ತೆ. ನೋಡು ಬೇಕಾದ್ರೆ."

ಒಂದೇ ಹಾಡನ್ನು ಎರಡೂ ಸ್ಪೀಕರಿಗೆ ಸಮನಾಗಿ ಕೊಟ್ಟಳು. ಹೆಂಗಸೊಬ್ಬಳು ಗಟ್ಟಿಯಾಗಿ ಹಾಡುತ್ತಿದ್ದಳು. ಸೌಮ್ಯ ಒಂದರ ತಂತಿ ಅದಲುಬದಲು ಮಾಡಿದಳು. ಹಾಡುವವಳು ಮಾಯ! ಸ್ಪೀಕರು ಎರಡೂ ಒದರುತ್ತಲೇ ಇವೆ, ಆದರೆ ಒಂದರ ದನಿಯನ್ನು ಇನ್ನೊಂದು ನುಂಗುತ್ತಿದೆ. ಉಳಿದದ್ದು ದೂರದ 'ಸ್ಸ್, ಸ್ಸ್' ಮಾತ್ರ.

ಅಡುಗೆಮನೆಯಿಂದ ಅಕ್ಕ ಬಂದಳು. ಕೈಯಲ್ಲಿ ಪೂರಿ ಕರಿಯುವ ಜಾಲರಿ ಹಾಗೇ ಇತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಏನದು? ಇನ್ನೊಂದ್ಸಲ ಹಾಕು."

ಸೌಮ್ಯ ಮತ್ತೆ ಹಾಕಿದಳು. ಅಕ್ಕ ಸ್ವಲ್ಪ ಹೊತ್ತು ಕೇಳಿ, "ರೀ, ಅಮ್ಮನ ಕ್ಯಾಸೆಟ್ಟು ಕೇಳೋದು ಹಿಂಗೇ ಅಲ್ವಾ?" ಅಂದಳು.

ಭಾವ ಎದ್ದು ನಿಂತರು. "ಆವತ್ತು ಅದನ್ನ ಯಾವುದ್ರಲ್ಲಿ ಹಾಕಿ ಕೇಳಿದ್ವಿ?"

"ನಮ್ಮಪ್ಪನ ಸೆಟ್ಟಲ್ಲಿ. ಒಂದೇ ಸ್ಪೀಕರಿಂದು."

"ಎರಡು ಮೈಕಿಂದೂ ಒಂದಕ್ಕೇ ಸೇರ್ಕೊಂಡ್ಬಿಡುತ್ತೆ ಅದ್ರಲ್ಲಿ. ಒಂದು ಮೈಕು ಉಲ್ಟಾ ಇದ್ದಿದ್ರೆ..." ಅವರ ದನಿ ಇಳಿಯಿತು. "ಅತ್ತೆ ಎಲ್ಲಿ ಕೂತಿದ್ರು? ನೆನಪಿದೆಯಾ?"

"ನೀವೇ ದಾರ ಹಿಡಿದು ಎರಡೂ ಕಡೆ ಅಳೆದು, ಸರಿಯಾಗಿ ನಡುಮಧ್ಯೆ ಕೂರಿಸಿದ್ರಿ. 'ಅಲ್ಲಾಡಬಾರ್ದು ಅತ್ತೆ' ಅಂತ ಬೇರೆ ಹೇಳಿದ್ರಿ."

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಮ್ಮ ಒಂದು ಮೊಳ ಆಚೀಚೆ ಕೂತಿದ್ದರೂ ಅಷ್ಟಿಷ್ಟು ದನಿ ಉಳಿಯುತ್ತಿತ್ತು. ಸಮನಾಗಿ ಕೂರಿಸಿದ್ದರಿಂದಲೇ ಪೂರ್ತಿ ಅಳಿಸಿಹೋಗಿತ್ತು. ಒಂದು ಬದಿಗೆ ನಿಂತಿದ್ದ ಅಳಿಯನ ದನಿ ಮಾತ್ರ ಉಳಿದಿತ್ತು.

ಅಕ್ಕ ಯಾರ ಮಾತಿಗೂ ಕಾಯಲಿಲ್ಲ. ಒಲೆ ಆರಿಸಿ, ಕೈ ತೊಳೆದು, ಬೀರು ತೆಗೆದಳು. ಸೀರೆಯ ಮಡಿಕೆಯಿಂದ ಕ್ಯಾಸೆಟ್ಟು ತಂದು ಭಾವನ ಕೈಯಲ್ಲಿಟ್ಟು, "ಸ್ಕ್ರೂ ಬಿಚ್ಚೋ ಹಾಗಿಲ್ಲ" ಅಂದಳು.

"ಬಿಚ್ಚಲ್ಲ ಕಣೇ."

ಬಾಲ್ಕನಿಯಿಂದ ಕುರ್ಚಿ ಬಂತು. ಸ್ಪೀಕರುಗಳು ಅವುಗಳ ಜಾಗಕ್ಕೆ ಹೋದವು. ಭಾವ ಗಡಿಯಾರದಿಂದ ಸೆಲ್ಲು ಕಿತ್ತು, ಎರಡೂ ಸ್ಪೀಕರು ಸರಿಯಿವೆಯೆಂದು ಒಂದೊಂದೇ 'ಟಪ್' ಮಾಡಿ ನೋಡಿದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ತಲೆಯನ್ನು ಒಂದಿಂಚು ಸರಿಸಿದರು. ಹಳೆಯ ಟೇಪ್ ಡೆಕ್ಕಿಗೆ ಕ್ಯಾಸೆಟ್ಟು ಹಾಕಿದರು. ಮೊದಲು ಬರೀ ಸುಯ್ ಸದ್ದು. ಆಮೇಲೆ ಒಂದು ಹೆಣ್ಣುದನಿ ಬಂತು. ತೆಳ್ಳಗೆ, ಎಲ್ಲಿಂದ ಅಂತ ಹೇಳಲಾಗದ ಹಾಗೆ, ಗೋಡೆಗೆಲ್ಲ ಹರಡಿಕೊಂಡಂತೆ. ಮಾತು ತಿಳಿಯುವ ಮುಂಚೆಯೇ ಭಾವ ನಿಲ್ಲಿಸಿದರು.

"ತಪ್ಪು ಟೇಪಲ್ಲೇ ಇದೆ. ಅದಕ್ಕೆ ಈಗ ಇಲ್ಲಿ ಒಂದನ್ನ ಉಲ್ಟಾ ಮಾಡಿದ್ರೆ ಸರಿಹೋಗುತ್ತೆ. ಸೌಮ್ಯ, ಎಡಗಡೆದು ನೀನೇ ಮಾಡಮ್ಮ. ನಂಗೆ ಕೈ ಬರಲ್ಲ."

ಊರವರ ಮನೆಯ ಸ್ಪೀಕರುಗಳನ್ನೆಲ್ಲ ನೆಟ್ಟಗೆ ಮಾಡಿಕೊಂಡು ಬಂದ ಮನುಷ್ಯ, ಜನ್ಮದಲ್ಲಿ ಮೊದಲ ಸಲ, ಬೇಕೆಂದೇ, ಮಗಳ ಕೈಯಿಂದ, ತನ್ನ ಸ್ಪೀಕರಿನ ಫೇಸ್ ತಪ್ಪಿಸಿದರು. ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು.

"ಬೈಬೇಡಿ ಅವನಿಗೆ" ಅಂದಳು ಅಮ್ಮ.

ನನ್ನೆದುರು, ನಾಲ್ಕು ಹೆಜ್ಜೆ ದೂರದಲ್ಲಿ, ನೆಲದ ಮೇಲೆ ಕೂತು ಹೇಳಿದ ಹಾಗೆ. ತುಂಬುದನಿ, ಸ್ವಲ್ಪ ಒಡಕು, ಮಾತಿನೊಳಗೇ ಒಂದು ನಗು. "ಮಗು ಅದು, ವೈರು ಅಂತ ಏನು ಗೊತ್ತಾಗುತ್ತೆ? ಎಳೆದುಬಿಟ್ಟ. ಮತ್ತೆ ಅಂಟಿಸಿದ್ರಲ್ಲ, ಈಗ ಸರಿಹೋಯ್ತಲ್ಲ? ಪುಟ್ಟಾ, ಬಾ ಇಲ್ಲಿ, ನನ್ನ ತೊಡೆ ಮೇಲೆ ಕೂತ್ಕೋ. ಭಾವ ಬೈಯಲ್ಲ."

"ಸರಿಹೋಯ್ತು ಅತ್ತೆ, ಶುರು ಮಾಡಿ" ಅಂತ ಒಂದು ಬದಿಯಿಂದ ಇಪ್ಪತ್ತೇಳು ವರ್ಷದ ಭಾವ ಅಂದರು.

ಹಾಲಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಮೈಕಿನ ವೈರು ಕಿತ್ತವನು ನಾನು! ಅಳಿಯ ಅವಸರದಲ್ಲಿ ಅದನ್ನು ಮತ್ತೆ ಅಂಟಿಸುವಾಗ ಕೆಂಪು ಕಪ್ಪು ತಪ್ಪಿಸಿದ್ದರು. ಇಪ್ಪತ್ತನಾಲ್ಕು ವರ್ಷ ದೊಡ್ಡಮ್ಮನ ಮಾತು ಹೊತ್ತವರು ಅವರು, ಅಮ್ಮನ ದನಿ ಇಲ್ಲದೆ ಬೆಳೆದವನು ನಾನು, ತಪ್ಪು ಮಾತ್ರ ಇಬ್ಬರದೂ.

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಅತ್ತೆ ಹೇಳಿದಾರಲ್ಲ" ಅಂದರು, "ಬೈಯಲ್ಲ."

ಅಮ್ಮ ಹಾಡಲು ಶುರುಮಾಡಿದಳು. ಅಕ್ಕ ಬಾಗಿಲಿಗೊರಗಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಂಡೇ ಇಲ್ಲದ ಅಜ್ಜಿಯ ಹಾಡು ಕೇಳುತ್ತ ಸೌಮ್ಯ ನೆಲದ ಮೇಲೆ ಕೂತುಬಿಟ್ಟಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಈ ಸಲ ನಿದ್ದೆ ಬರಲಿಲ್ಲ. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ, ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು:

"ಈಗ ಹೇಳು ಪುಟ್ಟ, ನಡುವೆ ಯಾರಿದಾರೆ?"

"ಅಮ್ಮ" ಅಂದೆ. ನನಗೆ ಬುದ್ಧಿ ಬಂದ ಮೇಲೆ ಆ ಮಾತನ್ನು ಎದುರಿಗಿರುವವರನ್ನು ಕರೆಯುವ ಹಾಗೆ ಅಂದದ್ದು ಅದೇ ಮೊದಲು.